ಕಣ್ಣಿರುವ ನಾಣ್ಯ

ಬೆಳಿಗ್ಗೆ ಮನೆ ಬಿಡುವಾಗ ದೊಡ್ಡಮ್ಮ ಏನೋ ಹೇಳಿದಳು; ಅವನಿಗೆ ಅರ್ಧ ಮಾತ್ರ ಕೇಳಿಸಿತು. ಕೇಳಿಸದ ಅರ್ಧಕ್ಕೂ ಸೇರಿಸಿ ಅವನು ಹ್ಞೂಂ ಅಂದ. ಈಚೆಗೆ ಇದೊಂದು ಚಾಳಿಯೇ ಆಗಿಬಿಟ್ಟಿತ್ತು: ತಲೆ ಆಡಿಸುವುದು, ನಗುವುದು, ಎದುರಿನವರ ತುಟಿ ನಿಂತ ಕೂಡಲೇ ಹ್ಞೂಂ ಅನ್ನುವುದು. ಹೆಂಡತಿ ಇದನ್ನು ಗಂಡಸರ ಹುಟ್ಟುಗುಣ ಅಂತ ತಿಳಿದುಕೊಂಡಿದ್ದಳು. "ನಿಮ್ಮ ಕಿವಿ ಬೇಕಾದ್ದಕ್ಕೆ ತೆರೆಯತ್ತೆ, ಬೇಡದ್ದಕ್ಕೆ ಬಾಗಿಲು ಹಾಕ್ಕೊಳತ್ತೆ" ಅನ್ನುತ್ತಿದ್ದಳು, ಅದೂ ಅವನಿಗೆ ಕೇಳಿಸುವಷ್ಟು ಜೋರಾಗಿ. ಅವಳು ಹಾಗೆ ತಿಳಿದುಕೊಂಡದ್ದು ಅವನಿಗೆ ಅನುಕೂಲವೇ ಆಗಿತ್ತು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಮೇಲೆ ಕೈ ತಾನಾಗಿ ಅಂಗಿಯ ಒಳಜೇಬಿಗೆ ಹೋಯಿತು. ದೊಡ್ಡಮ್ಮನ ಕರವಸ್ತ್ರದ ಗಂಟು. ಅದರೊಳಗೆ ಒಂದು ಹಳೆಯ ಬೆಳ್ಳಿ ನಾಣ್ಯ, ಒಂದು ಕಬ್ಬಿಣದ ಬೀಗದ ಕೈ, ಎರಡನ್ನೂ ಪೋಣಿಸಿದ ದಾರ. ಕೇಳಿಸಿದ ಅರ್ಧ ಇಷ್ಟು: "ಇದನ್ನ ನಿಮ್ಮಂಗಡೀಲಿ ತೋರಿಸು. ಎಷ್ಟು ಬರತ್ತೋ ಕೇಳ್ಕೊಂಡು ಬಾ, ಮಾರಿಬಿಡೋಣ." ಆಮೇಲೆ ಅವಳು ಯಾತಕ್ಕೆ ಅಂತ ಹೇಳಿರಬೇಕು, ಅಷ್ಟು ಹೊತ್ತಿಗೆ ಅವನು ಚಪ್ಪಲಿಗಾಗಿ ಬಗ್ಗಿದ್ದ, ಅವಳ ತೆಳ್ಳನೆಯ ದನಿ ಅವನ ಬೆನ್ನ ಮೇಲಿಂದ ಹಾದುಹೋಗಿತ್ತು.

ಹಳೆ ಬೆಳ್ಳಿ ನಾಣ್ಯಕ್ಕೆ ರಾಶಿ ದುಡ್ಡು ಬರುತ್ತದೆ ಅಂತ ರೇಡಿಯೋದಲ್ಲಿ ಯಾರೋ ಮಾತಾಡಿದ್ದನ್ನು ದೊಡ್ಡಮ್ಮ ಕೇಳಿದ್ದಳು. ಅಂದಿನಿಂದ ಅವಳ ಮುಖದಲ್ಲಿ ಒಂದು ಗುಟ್ಟಿನ ಕಳೆ. ಅವಳಿಗೆ ಹರೆಯದಲ್ಲೇ ಕಣ್ಣು ಹೋಗಿತ್ತು. ಕಣ್ಣಿದ್ದವರಿಗೆ ಮುಖದ ಮೇಲೆ ಬಂದದ್ದನ್ನು ಅಳಿಸಿಕೊಳ್ಳುವ ಅಭ್ಯಾಸವಿರುತ್ತದೆ, ಅವಳಿಗೆ ಅದಿರಲಿಲ್ಲ. ಮನಸ್ಸಿಗೆ ಬಂದದ್ದೆಲ್ಲ ಮುಖದ ಮೇಲೆ ಆರಾಮಾಗಿ ಕೂತಿರುತ್ತಿತ್ತು. ನಾಣ್ಯದ ಅಂಗಡಿಯಲ್ಲಿ ತಲೆಗೂದಲು ಬೆಳ್ಳಗಾಗಿಸಿಕೊಂಡವನಿಗೆ ಈ ನಾಣ್ಯಕ್ಕೆ ಹೆಚ್ಚೇನೂ ಬರುವುದಿಲ್ಲ ಅಂತ ಯಾರೂ ಹೇಳಬೇಕಾಗಿರಲಿಲ್ಲ. ಸಂಜೆ ಅದನ್ನು ಅವಳಿಗೆ ಹೇಳಬೇಕು. ಹೇಳಿದರೆ ಯಾಕೆ ಅಂತ ಕೇಳುತ್ತಾಳೆ. ಯಾಕೆ ಅನ್ನುವುದಕ್ಕೆ ಅವನಲ್ಲಿದ್ದ ಉತ್ತರ ಒಂದೇ: ನೀನು ಮಾಡಿದ್ದರಿಂದ.

ಅಂಗಡಿಯಲ್ಲಿ ಅವನ ಕೆಲಸ ನಾಣ್ಯಗಳ ಸ್ಥಿತಿ ನೋಡಿ ಹೇಳುವುದು. ಅದೇ ವರ್ಷ, ಅದೇ ಟಂಕಸಾಲೆ, ಅದೇ ರಾಣಿಯ ಮುಖ, ಅಷ್ಟೇ ಬೆಳ್ಳಿ. ಆದರೂ ಒಂದನ್ನು ಮಖಮಲ್ಲಿನ ಮೇಲಿಡುತ್ತಾರೆ, ಇನ್ನೊಂದನ್ನು ತಕ್ಕಡಿಗೆ ಹಾಕುತ್ತಾರೆ. ನಡುವಿನ ವ್ಯತ್ಯಾಸವೆಲ್ಲ ನಾಣ್ಯ ಬದುಕಿದ ರೀತಿಯಲ್ಲಿರುತ್ತದೆ. ಎಷ್ಟು ಕೈ ದಾಟಿತು, ಯಾವ ಜೇಬಿನಲ್ಲಿ ಯಾವ ಚಿಲ್ಲರೆಯ ಜೊತೆ ಉಜ್ಜಾಡಿತು, ಯಾರು ಕೆಳಗೆ ಬೀಳಿಸಿದರು. ಮೊದಲು ಸವೆಯುವುದು ಉಬ್ಬಿದ ಭಾಗ: ಕೆನ್ನೆ, ಹುಬ್ಬು, ಕಿವಿಯ ಮೇಲಿನ ಕೂದಲು. ಭೂತಗನ್ನಡಿ ಹಿಡಿದು ಅವನು ನೇರ ರಾಣಿಯ ಕಿವಿಗೇ ಹೋಗುತ್ತಿದ್ದ. ಕೂದಲಿನ ಎಳೆ ಎಳೆ ಕಂಡರೆ ಒಂದು ಮಾತು, ಕೂದಲೆಲ್ಲ ಕೂಡಿ ಟೋಪಿಯಂತಾಗಿದ್ದರೆ ಇನ್ನೊಂದು ಮಾತು. ಕೆಲವರು ಹಲ್ಲುಪುಡಿ ಹಾಕಿ ತಿಕ್ಕಿ ಫಳಫಳ ಅನ್ನಿಸಿ ತರುತ್ತಿದ್ದರು, ಮದುವೆಗೆ ಮಗಳನ್ನು ಸಿಂಗರಿಸಿದ ಸಂಭ್ರಮದಲ್ಲಿ. ವರ್ಷಗಟ್ಟಲೆ ಕೂತು ಬಂದ ಆ ಕಪ್ಪು ಪೊರೆಯೇ ನಾಣ್ಯದ ಮಾನ, ಅದನ್ನೇ ನೀವು ತೊಳೆದಿರಿ ಅಂತ ಅವರಿಗೆ ಹೇಳಬೇಕಾದವನು ಇವನು. ಹೇಳಿದಮೇಲೆ ಅವರ ಮುಖ ಇಳಿಯುವುದನ್ನೂ ಇವನೇ ನೋಡಬೇಕು. ಒಂದು ಕಾಲಕ್ಕೆ ಇದರಲ್ಲಿ ಅವನಿಗೆ ಸಣ್ಣ ಜಂಬವಿತ್ತು. ಈಗ ಜಂಬವೆಲ್ಲ ಎಲ್ಲಿಗೆ ಹೋಯಿತೋ, ಬೆಳಿಗ್ಗೆ ಅಂಗಡಿಯ ಮೆಟ್ಟಿಲು ಹತ್ತುವಾಗ ಪರೀಕ್ಷೆಗೆ ಓದದೆ ಬಂದ ಹುಡುಗನಂತೆ ಎದೆ ಹೊಡೆದುಕೊಳ್ಳುತ್ತಿತ್ತು.

ಯಾಕೆಂದರೆ ಕಣ್ಣಿನ ಪರೀಕ್ಷೆ ಮುಗಿದ ಮೇಲೆ ಕಿವಿಯದೊಂದು ಇರುತ್ತಿತ್ತು. ಬೆರಳ ತುದಿಯಲ್ಲಿ ನಾಣ್ಯ ನಿಲ್ಲಿಸಿ ಪೆನ್ಸಿಲಿನಿಂದ ಅಂಚಿಗೆ ಮೆಲ್ಲಗೆ ತಾಗಿಸಬೇಕು. ಅಸಲಿಯಾದರೆ ಟಿಣ್ ಅಂತ ಎದ್ದು, ತೆಳ್ಳಗಾಗುತ್ತಾ, ಕೋಣೆಯ ಮೂಲೆಗೆ ಹೋಗಿ ಮುಗಿಯುವ ನಾದ. ಖೊಟ್ಟಿಯಾದರೆ ತಗಡಿನ ಸದ್ದು. ಗಂಡಸರ ಮಾತು, ಬಸ್ಸಿನ ಇಂಜಿನ್ನು, ಬಾಗಿಲು ಬಡಿದದ್ದು ಎಲ್ಲ ಅವನಿಗೆ ಕೇಳಿಸುತ್ತಿತ್ತು. ಆ ಒಂದು ನಾದ ಮಾತ್ರ ಯಾವಾಗಲೋ ಹೇಳದೆ ಕೇಳದೆ ಎದ್ದುಹೋಗಿತ್ತು. ಹೋದದ್ದು ಅವನಿಗೆ ಗೊತ್ತಾದದ್ದೂ ತಡವಾಗಿ. ಪೆನ್ಸಿಲ್ ತಾಗಿಸುತ್ತಾನೆ, ಬೆರಳಿಗೆ ಜುಮ್ಮೆನ್ನುತ್ತದೆ, ಮುಂದೆ ಏನೂ ಇಲ್ಲ. ಆಗ ಅವನು ಕಲಿತ ವಿದ್ಯೆ ಮಾಲೀಕರ ಮುಖ ನೋಡುವುದು. ಅಸಲಿ ನಾದ ಎದ್ದರೆ ಅವರ ಬಲಹುಬ್ಬು ಸ್ವಲ್ಪ ಸಡಿಲವಾಗುತ್ತದೆ. ಅದನ್ನು ನೋಡಿಕೊಂಡು "ಚೆನ್ನಾಗಿದೆ" ಅನ್ನುತ್ತಿದ್ದ. ಸಂಬಳ ಕೊಡುವವರ ಹುಬ್ಬನ್ನು ಓದಿ ಅದನ್ನೇ ಅವರಿಗೆ ಮಾರುವ ಕೆಲಸ. ಯಾವತ್ತೋ ಒಂದು ದಿನ ಸಿಕ್ಕಿಬೀಳುತ್ತೇನೆ ಅನ್ನುವುದು ಅವನಿಗೆ ಗೊತ್ತಿತ್ತು. ಕಿವಿಗೆ ಮಿಷನ್ ಹಾಕಿಸಿಕೊಂಡರೆ ಸಿಕ್ಕಿಬಿದ್ದಂತೆಯೇ ಆಗುತ್ತದಲ್ಲ ಅಂತ ಡಾಕ್ಟರ ಕಡೆಗೆ ತಲೆ ಹಾಕಿರಲಿಲ್ಲ.

ಆ ದಿನ ಬಂದವರು ಹಲ್ಲಿನ ಡಾಕ್ಟರು. ನಾಣ್ಯದ ಹುಚ್ಚಿನವರು, ಅಂಗಡಿಯ ಹಳೆಯ ಗಿರಾಕಿ. ಪುಟ್ಟ ಡಬ್ಬಿಯಿಂದ ಅವರು ತೆಗೆದದ್ದನ್ನು ನೋಡಿ ಅವನ ಕೈ ನಿಂತಿತು. ಒಳಜೇಬಿನಲ್ಲಿದ್ದದ್ದರ ಒಡಹುಟ್ಟು. ಅದೇ ರಾಣಿ, ಅದೇ ವರ್ಷ. ಇಷ್ಟು ವರ್ಷದ ಕೆಲಸದಲ್ಲಿ ಇಡಿಯಾದದ್ದೊಂದು ಅವನ ಕೈಗೆ ಬಂದಿರಲಿಲ್ಲ. ಭೂತಗನ್ನಡಿ ಹಿಡಿದ. ಕಿವಿಯ ಮೇಲಿನ ಕೂದಲು ಸ್ವಲ್ಪ ಕರಗಿತ್ತು, ಕೆನ್ನೆಯ ಮೇಲೊಂದು ಸಣ್ಣ ಗೀರು. "ನಾದ ಒಂದ್ಸಲ ನೋಡಿಬಿಡ್ರಿ" ಅಂದರು ಮಾಲೀಕರು. ನೋಡಿದ, ಅಂದರೆ ಹುಬ್ಬು ನೋಡಿದ. "ಚೆನ್ನಾಗಿದೆ." ಮಾಲೀಕರು ಹೇಳಿದ ಬೆಲೆ ಕೇಳಿ ಡಾಕ್ಟರು ಕುರ್ಚಿಗೆ ಒರಗಿದರು. ಒಂದು ಪುಟ್ಟ ಮನೆ ಬರುವಷ್ಟು. ಚಹಾ ಬಂತು, ಇಬ್ಬರೂ ಬೇರೆ ಮಾತಿಗೆ ಹೊರಳಿದರು. ಅವನು ತಡೆಯಲಾರದೆ ಮೇಜಿನ ಅಂಚಿನ ಮರೆಯಲ್ಲಿ ಗಂಟು ಬಿಚ್ಚಿ, ತನ್ನದನ್ನು ಅದರ ಪಕ್ಕದಲ್ಲಿಟ್ಟು ನೋಡುತ್ತಿದ್ದಾಗ ಡಾಕ್ಟರ ತಲೆ ಮೇಲಿಂದ ಬಗ್ಗಿತು.

"ಏನ್ರೀ ಇದು, ಇನ್ನೊಂದಿದೆ! ಅಕ್ಕತಂಗೀರಾ?"

ಮಾಲೀಕರು ಕೈಚಾಚಿ ತೆಗೆದುಕೊಂಡರು. ತಿರುಗಿಸಿ ನೋಡಿದರು, ಕನ್ನಡಿ ಹಿಡಿದರು, ಉಸಿರು ಎಳೆದುಕೊಂಡರು. "ಅಯ್ಯೋ ಅಯ್ಯೋ. ಕಿವಿ ಹತ್ರ ನೋಡಿ ಡಾಕ್ಟ್ರೆ, ಕೂದಲು ಒಂದೊಂದೂ ಬಾಚಿದ ಹಾಗಿದೆ. ನಿಮ್ಮದಕ್ಕಿಂತ ಎಷ್ಟೋ ಮೇಲು. ಯಾರ ಕೈಗೂ ಹೋಗ್ದೆ ಪೆಟ್ಟಿಗೇಲೇ ಇದ್ದದ್ದು. ಅಂಥದಕ್ಕೆ ತಲೆ ಮೇಲೆ ಈ ತೂತು! ಅಂಚಿಗೆ ಬೇರೆ ಏಟಿನ ಮೇಲೆ ಏಟು. ಕಣ್ಣಿಲ್ಲದವರು ಮಾಡೋ ಕೆಲಸ ಇದು."

"ನನ್ನ ಹತ್ರ ತೂತು ಬಿದ್ರೆ ಲಾಭ, ನಿಮ್ಮ ಹತ್ರ ಬಿದ್ರೆ ನಷ್ಟ" ಅಂದರು ಡಾಕ್ಟರು. "ಕೊಡಿ, ತುಂಬಿಕೊಡ್ತೀನಿ."

"ತುಂಬಿದ ತೂತು ತೆರೆದದ್ದಕ್ಕಿಂತ ಕೆಟ್ಟದ್ದು. ತೆರೆದಿದ್ರೆ ತೂತು ಅಷ್ಟೇ, ಮುಚ್ಚಿದ್ರೆ ಮೋಸ." ಮಾಲೀಕರು ಅವನತ್ತ ತಿರುಗಿದರು. "ಯಾರದ್ರೀ ಇದು?"

"ಯಾರೋ ಒಬ್ಬ ಗಿರಾಕಿ ಕೊಟ್ಟುಹೋದ್ರು" ಅಂದ ಅವನು.

"ಬೆಳ್ಳಿ ತೂಕಕ್ಕೆ ತಗೋತೀನಿ ಅಂತ ಹೇಳಿ. ಅದಕ್ಕಿಂತ ಹೆಚ್ಚು ಯಾರು ಕೊಟ್ರೂ ಅವರಿಗೂ ಕಣ್ಣಿಲ್ಲ ಅಂತಲೇ ಅರ್ಥ." ಇಬ್ಬರೂ ನಕ್ಕರು. ಅವನೂ ನಕ್ಕ. ನಕ್ಕದ್ದು ಮುಖಕ್ಕೆ ಅಂಟಿಕೊಂಡು ಬಹಳ ಹೊತ್ತು ಬಿಡಲಿಲ್ಲ.

ಸಂಜೆಯ ಬಸ್ಸಿನಲ್ಲಿ ನಿಂತುಕೊಂಡೇ ಬಂದ. ಕಣ್ಣಿಲ್ಲದವರು ಮಾಡೋ ಕೆಲಸ. ಮಾಲೀಕರು ಬೈದದ್ದಲ್ಲ, ಬಾಯಿಗೆ ಬಂದದ್ದು ಆಡಿದ್ದು; ಆದರೆ ಅದು ಅಕ್ಷರಕ್ಕೆ ಅಕ್ಷರ ನಿಜವಾಗಿತ್ತು. ತನ್ನ ದೊಡ್ಡಮ್ಮನದು ಅಂತ ಒಂದು ಮಾತು ಹೇಳಿದ್ದರೆ ಅವರೇ ನಾಲಿಗೆ ಕಚ್ಚಿಕೊಳ್ಳುತ್ತಿದ್ದರು. ಹೇಳಲಿಲ್ಲ. ಅವನು ಚಿಕ್ಕವನಿದ್ದಾಗ ಅಮ್ಮ ನೂಲಿನ ಗಿರಣಿಗೆ ಹೋದರೆ ಬರುತ್ತಿದ್ದದ್ದು ದೀಪ ಹಚ್ಚುವ ಹೊತ್ತಿಗೆ. ಅಲ್ಲಿಯವರೆಗೆ ಅವನು ದೊಡ್ಡಮ್ಮನ ಪಾಲು. ಆಗಷ್ಟೇ ಕಾಲು ಬಂದ ಮಗು, ಕಣ್ಣಿಲ್ಲದ ಹೆಂಗಸು, ಹಿತ್ತಿಲಲ್ಲಿ ಕಟ್ಟೆ ತಗ್ಗಾದ ನೀರಿನ ತೊಟ್ಟಿ. ನಾಯಿಗೆ ಕಟ್ಟಿದಂತೆ ಹಗ್ಗ ಕಟ್ಟಿ ಅಂತ ಪಕ್ಕದ ಮನೆಯವರು ಬುದ್ಧಿ ಹೇಳಿದ್ದರಂತೆ. ದೊಡ್ಡಮ್ಮ ಕೇಳಲಿಲ್ಲ. ತಾತನ ಪೆಟ್ಟಿಗೆಯಲ್ಲಿದ್ದ ಬೆಳ್ಳಿ ನಾಣ್ಯಗಳನ್ನೆಲ್ಲ ತೆಗೆದುಕೊಂಡು ಹೊಸ್ತಿಲಲ್ಲಿ ಕೂತು ಒಂದೊಂದಾಗಿ ಉಗುರಿನಿಂದ ಚಿಮ್ಮಿ ನೋಡಿದಳಂತೆ. ಇಡೀ ಮಧ್ಯಾಹ್ನ. ಸದ್ದು ಎಲ್ಲಕ್ಕಿಂತ ದೂರ ಹೋಗುವಂಥದ್ದನ್ನು ಆರಿಸಿ, ಗೋಡೆ ತಡವಿಕೊಂಡು ಬೀದಿಯ ಅಕ್ಕಸಾಲಿಗನ ಹತ್ತಿರ ಹೋಗಿ, "ಇದಕ್ಕೊಂದು ಕಣ್ಣು ತೆಗೆದುಕೊಡಪ್ಪ, ಮುಖ ಬಿಟ್ಟು ತೆಗಿ, ಪಾಪ" ಅಂದಳಂತೆ. ಸೂಜಿಗೆ ಇರುವುದೂ ಕಣ್ಣೇ, ಮಣಿಗೆ ಇರುವುದೂ ಕಣ್ಣೇ. ಅವಳ ಬಾಯಲ್ಲಿ ಅದು ಎಂದೂ ತೂತು ಆಗಲಿಲ್ಲ. "ನನ್ನಿಂದ ಕಿತ್ಕೊಂಡದ್ದನ್ನ ದೇವರು ನಾಣ್ಯಕ್ಕಾದ್ರೂ ಕೊಟ್ಟ" ಅಂತ ಹೇಳಿ ಹೇಳಿ ನಗುತ್ತಿದ್ದಳು. ಬಡಿಯಲು ಇನ್ನೊಂದು ಬೇಕಲ್ಲ ಅಂತ ಬೀಗದ ಕೈ ಪೋಣಿಸಿ, ಎರಡನ್ನೂ ಅವನ ಸೊಂಟಕ್ಕೆ ಕಟ್ಟಿದಳು. ಅವನು ಹೋದಲ್ಲೆಲ್ಲ ಟಿಣ್ ಟಿಣ್. ಹೆಸರೂ ಟಿಣ್ಣ ಅಂತಲೇ ಆಯಿತು. ಮನೆಯ ಬೀಗದ ಕೈ ಸೊಂಟದಲ್ಲಿಟ್ಟುಕೊಂಡು ತಿರುಗುವ ಯಜಮಾನ ಅಂತ ಅಮ್ಮ ತಮಾಷೆ ಮಾಡುತ್ತಿದ್ದಳು.

ಒಂದು ದಿನ ಆ ಸದ್ದು ಬರಬಾರದ ಕಡೆಯಿಂದ ಬಂತು. ತೊಟ್ಟಿಯ ಕಟ್ಟೆಯ ಮೇಲಿಂದ. ಅವನಿಗೆ ನೆನಪಿರುವುದು ನೀರಿನಲ್ಲಿ ಕಂಡ ತನ್ನ ಮುಖ, ಆಮೇಲೆ ತನ್ನನ್ನು ಅವುಚಿಕೊಂಡ ಎರಡು ಕೈ, ಆಮೇಲೆ ಕೆನ್ನೆಯ ಮೇಲೆ ತೊಟ್ಟಿಕ್ಕಿದ ಬೆಚ್ಚನೆಯ ಏನೋ ಒಂದು. ಓಡಿ ಬರುವಾಗ ಬಾಗಿಲ ಚೌಕಟ್ಟಿಗೆ ಹಣೆ ಒಡೆದುಕೊಂಡಿದ್ದಳು. ಈಗಲೂ ಬಲಹುಬ್ಬಿನ ಮೇಲೆ ಗುರುತಿದೆ. ಅಂಗಡಿಯ ಭಾಷೆಯಲ್ಲಾದರೆ ಏನು ಹೇಳಬೇಕು: ಏಟು ಬಿದ್ದಿದೆ, ಬೆಲೆ ಇಳಿಯುತ್ತದೆ. ಪೆಟ್ಟಿಗೆಯಲ್ಲಿದ್ದ ಉಳಿದ ನಾಣ್ಯಗಳೆಲ್ಲ ಅವನ ಶಾಲೆಗೆ, ಅಮ್ಮನ ಕಾಯಿಲೆಗೆ, ಮನೆಯ ಮಾಡಿಗೆ ಅಂತ ಒಂದೊಂದಾಗಿ ಹೋದವು. ಇದನ್ನು ಯಾರೂ ಕೇಳಲಿಲ್ಲ. ಕಂಬಿ ಹಿಡಿದು ನಿಂತವನಿಗೆ ಥಟ್ಟನೆ ಅನ್ನಿಸಿತು: ಇಡಿಯಾಗಿದ್ದಿದ್ದರೆ ಇದೇ ಎಲ್ಲಕ್ಕಿಂತ ಮೊದಲು ಹೋಗುತ್ತಿತ್ತು. ಯಾವುದೋ ಡಾಕ್ಟರ ಡಬ್ಬಿಯಲ್ಲಿ ಹತ್ತಿಯ ಮೇಲೆ ಮಲಗಿರುತ್ತಿತ್ತು. ಅಂಚಿನ ಒಂದೊಂದು ಏಟೂ ತಾನು ನಡೆದದ್ದು, ತಾನು ಓಡಿದ್ದು, ಅವಳು ಕೇಳಿದ್ದು. ಇಳಿಯಬೇಕಾದ ನಿಲ್ದಾಣ ದಾಟಿಹೋಯಿತು. ಮುಂದಿನದರಲ್ಲಿ ಇಳಿದು ಹಿಂದಕ್ಕೆ ನಡೆಯುತ್ತಾ ಬಂದ. ಮನಸ್ಸು ತುಂಬಿತ್ತು, ಆದರೂ ಅವಳಿಗೆ ಏನು ಹೇಳಬೇಕು ಅನ್ನುವುದು ಮಾತ್ರ ಹೊಳೆದಿರಲಿಲ್ಲ.

ಬಾಗಿಲು ತೆರೆದ ಹೆಂಡತಿ, "ಬೆಲ್ ಒತ್ತಿದ್ದು ಇಡೀ ಬೀದಿಗೆ ಕೇಳಿಸ್ತು. ಒಂದ್ಸಲ ಒತ್ತಿದ್ರೆ ಸಾಲಲ್ವಾ?" ಅಂದಳು. ಅವನಿಗೆ ಕೇಳಿಸದೆ ಮತ್ತೆ ಮತ್ತೆ ಒತ್ತಿದ್ದ. ದೊಡ್ಡಮ್ಮ ಕಿಟಕಿಯ ಪಕ್ಕದ ತನ್ನ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದಳು. ಕಾದು ಕೂತದ್ದು ಮುಖದ ಮೇಲೆ ಬರೆದಿತ್ತು. ಅವನು ಗಂಟನ್ನು ಅವಳ ಅಂಗೈಯಲ್ಲಿಟ್ಟು ಪಕ್ಕದಲ್ಲಿ ನೆಲದ ಮೇಲೆ ಕೂತ.

"ಎಷ್ಟಂದ್ರು?"

"ಒಳ್ಳೆ ಬೆಲೆ ಹೇಳಿದ್ರು ದೊಡ್ಡಮ್ಮ. ಆದ್ರೆ ಈಗ ಮಾರೋದು ಬೇಡ, ಇನ್ನೂ ಏರತ್ತೆ ಅಂದ್ರು."

"ಟಿಣ್ಣಾ, ಸುಳ್ಳು ಹೇಳೋಕೆ ಮುಂಚೆ ನೀನು ಎಂಜಲು ನುಂಗ್ತೀಯ. ಸಣ್ಣೋನಿದ್ದಾಗಿಂದಾನೂ."

ಅವನು ಮತ್ತೊಮ್ಮೆ ಎಂಜಲು ನುಂಗಿದ. "ಬೆಳ್ಳಿ ತೂಕಕ್ಕೆ ತಗೋತಾರಂತೆ. ಅಷ್ಟೇ."

"ಯಾಕೆ?"

"ಕಣ್ಣಿದೆಯಲ್ಲ, ಅದಕ್ಕೆ."

"ಇಲ್ದೇ ಇದ್ದಿದ್ರೆ?"

ಕೇಳಿಸದವನಂತೆ ಕೂರಬಹುದಿತ್ತು, ಅದರಲ್ಲಿ ಅವನಿಗೆ ಪಳಗಿದ ಕೈಯಿತ್ತು. ಆದರೆ ಅವಳು ಬಗ್ಗಿ ಅವನ ಬಲಕಿವಿಯ ಹತ್ತಿರವೇ ಕೇಳಿದ್ದಳು. "ಇಲ್ದಿದ್ರೆ ಒಂದು ಮನೆ ಬರ್ತಿತ್ತು. ಇವತ್ತು ಅಂಥದ್ದೇ ಇನ್ನೊಂದು ಬಂದಿತ್ತು. ನಿನ್ನದು ಅದಕ್ಕಿಂತ ಮೇಲಂತೆ. ಅಷ್ಟು ಒಳ್ಳೆ ಸ್ಥಿತೀಲಿರೋದನ್ನ ನಮ್ಮ ಮಾಲೀಕರೂ ನೋಡಿರಲಿಲ್ಲ."

ದೊಡ್ಡಮ್ಮನ ಹೆಬ್ಬೆರಳು ನಾಣ್ಯದ ಅಂಚನ್ನು ಸುತ್ತಿ ಬಂದು ಕಣ್ಣಿನ ಹತ್ತಿರ ನಿಂತಿತು. ಇಡೀ ದಿನ ಹೆದರಿದ್ದು ಈ ಗಳಿಗೆಗೆ. ಈಗ ಮುಖ ಇಳಿಯುತ್ತದೆ, ಹಲ್ಲುಪುಡಿಯವರ ಮುಖ ಇಳಿಯುವಂತೆ. ಇಳಿಯಲಿಲ್ಲ. ಅದು ಎಲ್ಲಿಂದಲೋ ಬೆಳಕು ಬಿದ್ದಂತೆ ಅರಳಿತು.

"ಹಾಗಾದ್ರೆ ಅಷ್ಟರಲ್ಲೂ ಒಳ್ಳೇದನ್ನೇ ಆರಿಸಿದ್ನಾ ನಾನು?"

"ಹೌದು ದೊಡ್ಡಮ್ಮ."

"ನಿಮ್ಮಮ್ಮ ಬೈದಿದ್ಲು ಕಣೋ. ಯಾವುದೋ ಸವೆದದ್ದಕ್ಕೆ ಮಾಡಿಸಬಾರದಿತ್ತಾ ಅಂತ. ಸವೆದದ್ದು ಕಟ್ಟಿದ್ರೆ ತೊಟ್ಟಿ ಹತ್ರ ಹೋದ್ರೆ ನಂಗೆ ಕೇಳಿಸಬೇಕಲ್ಲ! ಮನೆ ಬರ್ತಿತ್ತಂತೆ. ಮನೇಲಿ ಇರೋದು ಯಾರು, ಗೋಡೆಗಳಾ?" ನಗುತ್ತಿದ್ದವಳು ತಟ್ಟನೆ ನಿಲ್ಲಿಸಿದಳು. "ಆದ್ರೆ ಮಿಷನ್ನಿಗೆ ಸಾಲಲ್ವಲ್ಲ."

"ಯಾವ ಮಿಷನ್ನು?"

"ಬೆಳಿಗ್ಗೆ ಹೇಳಲಿಲ್ವಾ? ನಿನ್ನ ಕಿವಿಗೆ ಹಾಕ್ಕೊಳೋದು. ಇದನ್ನ ಮಾರಿ ಅದನ್ನ ತಗೊಳೋಣ, ಆಗಬಹುದಾ ಅಂದೆ. ಹ್ಞೂಂ ಅಂದೆ ನೀನು. ಇವತ್ತು ಇಡೀ ದಿನ ಎಷ್ಟು ಹಗುರಾಗಿದ್ದೆ ಗೊತ್ತಾ, ಅಂತೂ ಒಪ್ಕೊಂಡ್ನಲ್ಲ ಅಂತ."

ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ಸೌಟು ಹಿಡಿದುಕೊಂಡು ನಿಂತುಬಿಟ್ಟಳು. ಹುಬ್ಬು ಓದಿ ಎಲ್ಲರನ್ನೂ ದಾಟಿಕೊಂಡು ಬಂದವನು ಹುಬ್ಬು ನೋಡಲಾರದ ಒಬ್ಬಳ ಕೈಗೆ ಸಿಕ್ಕಿಬಿದ್ದಿದ್ದ. ಸಿಕ್ಕಿಬಿದ್ದದ್ದು ಇಷ್ಟು ಹಾಯಾಗಿರುತ್ತದೆ ಅಂತ ಅವನಿಗೆ ಗೊತ್ತಿರಲಿಲ್ಲ.

"ನಂಗೆ ಇದರ ಸದ್ದೇ ಕೇಳಿಸ್ತಿಲ್ಲ ದೊಡ್ಡಮ್ಮ" ಅಂದ. "ಬೇರೆ ಎಲ್ಲ ಅಷ್ಟಿಷ್ಟು ಕೇಳಿಸತ್ತೆ. ಇದರದ್ದೇ ಹೋಗಿಬಿಟ್ಟಿದೆ. ಅಂಗಡೀಲಿ ಯಾರಿಗೂ ಹೇಳಿಲ್ಲ. ಇವತ್ತು ಇದು ಯಾರದ್ದು ಅಂತ ಕೇಳಿದ್ರೆ, ಯಾರೋ ಗಿರಾಕೀದು ಅಂದೆ."

"ಗಿರಾಕೀನೇ ತಾನೇ ನಾನು. ಮಾರೋಕೆ ಕಳಿಸಿದ್ದು ನಾನಲ್ವಾ."

"ಮಿಷನ್ನು ನನ್ನ ಸಂಬಳದಲ್ಲೇ ಬರತ್ತೆ. ದುಡ್ಡಿಗಲ್ಲ, ನಾಚಿಕೆಗೆ ಸುಮ್ಮನಿದ್ದೆ. ನಾಳೆ ಮಾಲೀಕರಿಗೆ ಹೇಳ್ತೀನಿ. ಕಿವೀದೂ ಹೇಳ್ತೀನಿ, ಇದು ಯಾರದ್ದು ಅಂತಾನೂ ಹೇಳ್ತೀನಿ." ಕೆಲಸ ಇಟ್ಟುಕೊಳ್ಳುತ್ತಾರೋ ಇಲ್ಲವೋ ಗೊತ್ತಿರಲಿಲ್ಲ. ಆದರೆ ತೆರೆದಿದ್ದರೆ ತೂತು ಅಷ್ಟೇ ಅಂದವರು ಅವರೇ ಅಲ್ಲವೇ.

ದೊಡ್ಡಮ್ಮ ಆಗಲೇ ದಾರದ ಗಂಟು ಬಿಚ್ಚುತ್ತಿದ್ದಳು. ಬೀಗದ ಕೈಯನ್ನು ಬೇರೆ ಮಾಡಿ ನಾಣ್ಯವನ್ನು ಮಾತ್ರ ದಾರದ ನಡುವೆ ಉಳಿಸಿದಳು. "ಬಾ ಇಲ್ಲಿ. ಮರೆತುಹೋಯ್ತಾ?" ದಾರದ ಒಂದೊಂದು ತುದಿಯನ್ನು ಅವನ ಒಂದೊಂದು ತೋರುಬೆರಳಿಗೆ ಸುತ್ತಿ, ಬೆರಳನ್ನು ಅವನ ಕಿವಿಯೊಳಗೆ ತುರುಕಿದಳು, ಎಡಗಡೆ ಸ್ವಲ್ಪ ಜೋರಾಗಿಯೇ. ಅವನಿಗೆ ನೆನಪಾಯಿತು, ಜ್ವರ ಬಂದು ಮಲಗಿದಾಗಲೆಲ್ಲ ಆಡಿಸುತ್ತಿದ್ದ ಆಟ. ಲೋಕದ ಸದ್ದೆಲ್ಲ ಒಮ್ಮೆಗೇ ನಿಂತಿತು. ನಾಣ್ಯ ಅವನ ಎದೆಯ ಮುಂದೆ ತೂಗುತ್ತಿತ್ತು, ಕಣ್ಣಿದ್ದದ್ದರಿಂದಲೇ ತೂಗುತ್ತಿತ್ತು. ದೊಡ್ಡಮ್ಮ ಎಡಗೈಯಿಂದ ಅದು ಎಲ್ಲಿದೆ ಅಂತ ತಡವಿ, ಬಲಗೈಯ ಬೀಗದ ಕೈಯಿಂದ ಒಂದು ಏಟು ಕೊಟ್ಟಳು.

ಮೊದಲು ಬೆರಳಿಗೆ ಬಂತು. ಬೆರಳಿನಿಂದ ಮೂಳೆಗೆ. ಮೂಳೆಯಿಂದ ತಲೆಯ ಒಳಗೆಲ್ಲೋ ಬಹಳ ದಿನದಿಂದ ಬೀಗ ಹಾಕಿದ್ದ ಕೋಣೆಗೆ. ಟಿಣ್ ಅನ್ನುವಷ್ಟು ತೆಳ್ಳಗಿರಲಿಲ್ಲ. ದೂರದಲ್ಲಿ ದೊಡ್ಡ ಗಂಟೆ ಬಾರಿಸಿದ ಹಾಗೆ ದಪ್ಪವಾಗಿ, ತುಂಬಿಕೊಂಡು, ನಿಧಾನಕ್ಕೆ ಕಡಿಮೆಯಾಗುತ್ತಾ ಹೋಯಿತು. ಪೂರ್ತಿ ಮುಗಿಯುವವರೆಗೆ ಅವನು ಉಸಿರು ಬಿಡಲಿಲ್ಲ. ದೊಡ್ಡಮ್ಮನ ತುಟಿ ಅಲ್ಲಾಡಿತು: ಕೇಳಿಸ್ತಾ? ಅವನು ತಲೆ ಆಡಿಸಿದ. ಆಡಿಸಿದ ಮೇಲೆ ನೆನಪಾಯಿತು ಅವಳಿಗೆ ಕಾಣುವುದಿಲ್ಲ ಅಂತ. ಕಿವಿಯಲ್ಲಿ ಬೆರಳಿಟ್ಟುಕೊಂಡೇ, ಎಷ್ಟು ಜೋರು ಅನ್ನುವ ಅಂದಾಜಿಲ್ಲದೆ, "ಕೇಳಿಸ್ತು!" ಅಂತ ಕೂಗಿದ. ಹೆಂಡತಿಯ ಕೈಯಿಂದ ಸೌಟು ಬಿತ್ತು. ದೊಡ್ಡಮ್ಮ ಬೆಚ್ಚಿ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವನ ಒಂದು ಕೈಯನ್ನು ಕಿವಿಯಿಂದ ಎಳೆದು, ಅಲ್ಲಿಗೇ ಬಾಯಿಟ್ಟು ಅಂದಳು: "ಯಾಕೋ ಹಂಗೆ ಕಿರಿಚ್ತೀಯ? ನಂಗೆ ಇಲ್ಲದ್ದು ಕಣ್ಣು ಕಣೋ, ಕಿವಿಯಲ್ಲ."

ಅವನು ನಗುತ್ತಿದ್ದ, ಕೆನ್ನೆ ಒದ್ದೆಯಾಗಿತ್ತು. ಬೆರಳನ್ನು ತಾನೇ ಮತ್ತೆ ಕಿವಿಗೆ ಇಟ್ಟುಕೊಂಡ.

"ಇನ್ನೊಂದ್ಸಲ, ದೊಡ್ಡಮ್ಮ."